ನಲವತ್ತೈದರಲ್ಲಿ ಹಿಡಿದ ಲೇಖನಿ: ನಮ್ಮ ಸೀಮೆಯ ಎಂ.ಕೆ. ಇಂದಿರಾ

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಗುರುಗಳು ಫೋನ್ ಮಾಡಿದಾಗ, ಪುರುಸೊತ್ತಿಲ್ಲ ಸಾರ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಾದಂಬರಿಯೊಂದನ್ನು ಬರೆಯಬೇಕೆಂದು ಆರು ವರ್ಷದಿಂದ ಲ್ಯಾಪ್‌ಟಾಪಿನಲ್ಲಿ ಒಂದು ಫೈಲ್ ಇಟ್ಟುಕೊಂಡಿದ್ದೇನೆ. ಅದು ಮೂರನೇ ಅಧ್ಯಾಯ ದಾಟಿಲ್ಲ. ಆಫೀಸು, ಮಗಳ ಸ್ಕೂಲು, ಊರಿನ ತೋಟ ಎಂದು ಕಾರಣ ಹೇಳುತ್ತಲೇ ಬಂದಿದ್ದೇನೆ. ಅಂದು ಆ ಕಾರಣಗಳನ್ನು ನುಂಗಿಕೊಳ್ಳುವಂತೆ ಮಾಡಿದ್ದು ಎಂ.ಕೆ. ಇಂದಿರಾ ಅವರ ನೆನಪು. ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಕನ್ನಡ ಮೇಷ್ಟ್ರು ಬೀರುವಿನಿಂದ ತೆಗೆದುಕೊಟ್ಟ ‘ಫಣಿಯಮ್ಮ’ ನಾನು ಪೂರ್ತಿ ಓದಿದ ಮೊದಲ ಕಾದಂಬರಿ.

ಇಂದಿರಾ ಅವರು ಹುಟ್ಟಿದ್ದು 1917ರ ಜನವರಿ 5ರಂದು, ತೀರ್ಥಹಳ್ಳಿಯಲ್ಲಿ. ತಂದೆ ಸೂರ್ಯನಾರಾಯಣ ರಾವ್ ಅನುಕೂಲಸ್ಥ ಕೃಷಿಕರು, ತಾಯಿ ಬನಶಂಕರಮ್ಮ. ಅದೇ ಮನೆಯ ಮಗ ಟಿ.ಎಸ್. ರಾಮಚಂದ್ರರಾವ್ ಓದಿ, ಮುಂದೆ ‘ಪ್ರಜಾವಾಣಿ’ಯ ಸಂಪಾದಕರಾಗಿ, ‘ಛೂಬಾಣ’ ಅಂಕಣದಿಂದ ನಾಡಿಗೆಲ್ಲ ಪರಿಚಿತರಾದರು. ಮಗಳಿಗೆ ಸಿಕ್ಕಿದ್ದು ಏಳು ವರ್ಷದ ಶಾಲೆ ಮಾತ್ರ. ಹನ್ನೆರಡನೇ ವಯಸ್ಸಿಗೆ ಮದುವೆ. ಮಂಡಗದ್ದೆ ಮತ್ತು ಪತಿ ಕೃಷ್ಣರಾವ್ ಅವರ ಹೆಸರು ಸೇರಿ ಅವರು ಎಂ.ಕೆ. ಇಂದಿರಾ ಆದರು.

ಅಲ್ಲಿಂದ ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ ಅವರು ಗೃಹಿಣಿ. ಆಗಿನ ಗೃಹಿಣಿಯ ದಿನ ಹೇಗಿರುತ್ತಿತ್ತು ಎಂಬುದನ್ನು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಸುಕಿನಲ್ಲಿ ಹಚ್ಚಿದ ಒಲೆ ರಾತ್ರಿಯವರೆಗೆ ಆರುತ್ತಿರಲಿಲ್ಲ. ಶಾಲೆ ತಪ್ಪಿದರೂ ಇಂದಿರಾ ಓದು ಬಿಡಲಿಲ್ಲ. ಕನ್ನಡ ಕಾವ್ಯವನ್ನು ಓದಿಕೊಂಡರು, ಹಿಂದಿ ಸಾಹಿತ್ಯವನ್ನೂ ಚೆನ್ನಾಗಿ ತಿಳಿದುಕೊಂಡರು.

ಕಾದಂಬರಿ ಬರೆಯಲು ಕುಳಿತಾಗ ಅವರಿಗೆ ನಲವತ್ತೈದು ವರ್ಷ. ಕಾದಂಬರಿಗಾರ್ತಿ ತ್ರಿವೇಣಿ ಅವರ ಬರಹವನ್ನು ನೋಡಿ, ಇದನ್ನು ಪ್ರಕಟಿಸಲೇಬೇಕೆಂದು ಹುರಿದುಂಬಿಸಿದರು. ತ್ರಿವೇಣಿ ವಯಸ್ಸಿನಲ್ಲಿ ಇಂದಿರಾ ಅವರಿಗಿಂತ ಹನ್ನೊಂದು ವರ್ಷ ಕಿರಿಯರು, ಆದರೆ ಆಗಲೇ ಹೆಸರಾಂತ ಲೇಖಕಿ. 1963ರಲ್ಲಿ ‘ತುಂಗಭದ್ರಾ’ ಹೊರಬಂತು. ಅದೇ ವರ್ಷ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ತ್ರಿವೇಣಿ ತೀರಿಕೊಂಡರು. ಆಗ ಅವರಿಗೆ ಇನ್ನೂ 34 ವರ್ಷ.

ಇಂದಿರಾ ಅವರ ಲೇಖನಿ ಮತ್ತೆ ನಿಲ್ಲಲಿಲ್ಲ. ‘ತುಂಗಭದ್ರಾ’ಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. 1965ರಲ್ಲಿ ‘ಸದಾನಂದ’, 1967ರಲ್ಲಿ ‘ನವರತ್ನ’ ಬಂದವು. ಅವರ ‘ಗೆಜ್ಜೆಪೂಜೆ’ಯನ್ನು ಪುಟ್ಟಣ್ಣ ಕಣಗಾಲರು 1969ರಲ್ಲಿ ಸಿನಿಮಾ ಮಾಡಿದರು. ಕಲ್ಪನಾ ಅಭಿನಯದ ಆ ಚಿತ್ರ ನಮ್ಮ ಅಮ್ಮಂದಿರ ಕಾಲದವರಿಗೆ ಇವತ್ತಿಗೂ ನೆನಪಿದೆ.

ಎಲ್ಲಕ್ಕಿಂತ ದೊಡ್ಡ ಹೆಸರು ತಂದ ‘ಫಣಿಯಮ್ಮ’ ಪ್ರಕಟವಾದದ್ದು 1976ರಲ್ಲಿ, ಅವರ 59ನೇ ವಯಸ್ಸಿನಲ್ಲಿ. ಬಾಲವಿಧವೆ ಫಣಿಯಮ್ಮ ಕಲ್ಪನೆಯ ಪಾತ್ರವಲ್ಲ, ಇಂದಿರಾ ಚಿಕ್ಕಂದಿನಲ್ಲಿ ಕಂಡಿದ್ದ ಹಿರಿಯ ಜೀವ. ಆಕೆ ತನ್ನ ಬದುಕನ್ನು ಇಂದಿರಾ ಅವರ ತಾಯಿಯ ಮುಂದೆ ಹೇಳಿಕೊಂಡಿದ್ದರು. ಮಗಳ ಕಿವಿಗೆ ಬಿದ್ದ ಆ ಕಥೆ ದಶಕಗಳ ಕಾಲ ಮನಸ್ಸಿನಲ್ಲೇ ಇದ್ದು ಕಾದಂಬರಿಯಾಯಿತು. ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. 1989ರಲ್ಲಿ ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದ ಬಂತು. ಇಂದಿರಾ 1994ರ ಮಾರ್ಚ್‌ನಲ್ಲಿ ನಿಧನರಾದರು.

ಸಂಸಾರ ನನ್ನ ಬರವಣಿಗೆಗೆ ಅಡ್ಡಿ ಎಂದು ನಾನು ಬಹಳ ಕಾಲ ನಂಬಿದ್ದೆ. ಇಂದಿರಾ ಅವರಿಗೆ ಕಥೆ ಸಿಕ್ಕಿದ್ದೇ ಮನೆಯೊಳಗೆ, ಹೆಂಗಸರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತಿನಲ್ಲಿ. ಹಾಗೆಂದು ಆ ಮೂವತ್ತು ವರ್ಷ ಕಾದದ್ದು ಒಳ್ಳೆಯದೇ ಆಯಿತೆಂದು ಹೇಳುವ ಧೈರ್ಯ ನನಗಿಲ್ಲ. ಹನ್ನೆರಡರ ಹುಡುಗಿಯನ್ನು ಯಾರೂ ಏನೂ ಕೇಳಿರಲಿಲ್ಲ. ನಾನು ಭಾನುವಾರ ಬಾಗಿಲು ಹಾಕಿಕೊಂಡು ಬರೆಯುವಾಗ ಆಚೆ ಮಗಳನ್ನು ನೋಡಿಕೊಳ್ಳುವವಳು ನನ್ನ ಹೆಂಡತಿ. ಅವಳೂ ಕೆಲಸಕ್ಕೆ ಹೋಗುವವಳೇ. ಸಂಗೀತ ಕಲಿಯುತ್ತಿದ್ದವಳು ಬಿಟ್ಟು ಐದು ವರ್ಷವಾಯಿತು ಎಂಬುದು ಈ ಲೇಖನ ಬರೆಯುವಾಗ ನೆನಪಾಯಿತು. ಈಗ ಭಾನುವಾರದ ಬೆಳಗು ಅವಳದು, ಸಂಜೆ ನನ್ನದು ಎಂದು ಹಂಚಿಕೊಂಡಿದ್ದೇವೆ. ಕಾದಂಬರಿ ನಿಧಾನವಾದರೂ ಚಿಂತೆಯಿಲ್ಲ.

ಏಳನೇ ತರಗತಿಯ ಆಚೆಗೆ ಊರಿನಲ್ಲೇ ಓದಲು ದಾರಿಯಿಲ್ಲದೆ ಮನೆಯಲ್ಲಿ ಉಳಿದ ಹೆಣ್ಣುಮಕ್ಕಳು ನಮ್ಮ ಅಜ್ಜಿಯರ ತಲೆಮಾರಿನಲ್ಲಿ ಎಷ್ಟು ಮಂದಿ! ಐವತ್ತು ವರ್ಷದಿಂದ ನಮ್ಮ ಪ್ರೌಢಶಾಲೆ ಆ ದಾರಿಯನ್ನು ತೆರೆದಿಟ್ಟಿದೆ. ನನ್ನ ಜೊತೆ ಓದಿದ ಹುಡುಗಿಯರಲ್ಲಿ ನರ್ಸ್, ಶಿಕ್ಷಕಿ, ಎಂಜಿನಿಯರ್ ಆದವರಿದ್ದಾರೆ. ಈ ಶಾಲೆಗೆ ನಾವು ಸಲ್ಲಿಸಬೇಕಾದ ಋಣ ದೊಡ್ಡದು.

ಮೇಷ್ಟ್ರು ಕೊಟ್ಟಿದ್ದ ‘ಫಣಿಯಮ್ಮ’ದ ರಟ್ಟು ನನ್ನ ಕೈಯಲ್ಲೇ ಕಿತ್ತುಬಂದಿತ್ತು. ಲೇಖನದ ಜೊತೆಗೆ ಅದರ ಹೊಸ ಪ್ರತಿಯನ್ನೂ ‘ತುಂಗಭದ್ರಾ’, ‘ಸದಾನಂದ’ಗಳನ್ನೂ ಶಾಲೆಯ ಗ್ರಂಥಾಲಯಕ್ಕೆ ಕಳುಹಿಸುತ್ತಿದ್ದೇನೆ. ಮಕ್ಕಳು ಓದಲಿ, ಮನೆಗೆ ಒಯ್ದು ಅಮ್ಮಂದಿರಿಗೂ ಕೊಡಲಿ.

– ಹಳೆಯ ವಿದ್ಯಾರ್ಥಿ (2006ರ ಎಸ್ಸೆಸ್ಸೆಲ್ಸಿ ತಂಡ), ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು