ಫುಕುಜಾವಾ ಯುಕಿಚಿ

ಪರಭಾಷೆಯ ಶಬ್ದವೊಂದನ್ನು ತಾಯ್ನುಡಿಗೆ ತರುವುದು ಸುಲಭವಲ್ಲ. ಆ ಶಬ್ದವು ಸೂಚಿಸುವ ವಿಚಾರವೇ ತನ್ನ ನಾಡಿಗೆ ಹೊಸದಾಗಿದ್ದರೆ ಆ ಕಾರ್ಯ ಮತ್ತಷ್ಟು ಕಠಿನ. ಇಂಗ್ಲಿಷ್ ಶಬ್ದಗಳಿಗೆ ಜಪಾನೀ ರೂಪ ಕೊಟ್ಟು ತನ್ನ ಜನರ ಕಣ್ತೆರೆಸಿದವರಲ್ಲಿ ಫುಕುಜಾವಾ ಯುಕಿಚಿ ಅಗ್ರಗಣ್ಯನು.

ಅವನು 1835ರಲ್ಲಿ ಒಸಾಕಾ ನಗರದಲ್ಲಿ ಬಡ ಸಮುರಾಯ್ ಮನೆತನವೊಂದರಲ್ಲಿ ಜನಿಸಿದನು. ಶೈಶವದಲ್ಲಿಯೇ ತಂದೆಯನ್ನು ಕಳೆದುಕೊಂಡನು. ಆಗ ಯೂರೋಪಿಯನ್ನರಲ್ಲಿ ಡಚ್ಚರಿಗೆ ಮಾತ್ರ ಜಪಾನಿನೊಡನೆ ವ್ಯಾಪಾರ ಮಾಡುವ ಅನುಮತಿಯಿತ್ತು. ಆದುದರಿಂದ ಪಾಶ್ಚಾತ್ಯ ವಿದ್ಯೆಗೆ ಡಚ್ ಭಾಷೆಯೇ ಹೆಬ್ಬಾಗಿಲು. ಫುಕುಜಾವಾ ಒಸಾಕಾದಲ್ಲಿ ಓಗಾತಾ ಕೋವಾನ್ ಎಂಬ ವೈದ್ಯನ ಶಾಲೆಯನ್ನು ಸೇರಿದನು. ಅಲ್ಲಿದ್ದುದು ಡಚ್ ನಿಘಂಟಿನ ಒಂದೇ ಪ್ರತಿ. ಪರೀಕ್ಷೆ ಸಮೀಪಿಸಿದಾಗ ವಿದ್ಯಾರ್ಥಿಗಳು ರಾತ್ರಿಯೆಲ್ಲ ಎಚ್ಚರವಿದ್ದು ಅದನ್ನು ಸರದಿಯಂತೆ ನೋಡುತ್ತಿದ್ದರು.

1859ರಲ್ಲಿ ಯೊಕೊಹಾಮಾ ಬಂದರು ವಿದೇಶೀಯರಿಗೆ ತೆರೆಯಿತು. ಅದನ್ನು ನೋಡಹೋದ ಫುಕುಜಾವಾನಿಗೆ ಅಂಗಡಿಗಳ ಫಲಕಗಳನ್ನು ಓದಲಾಗಲಿಲ್ಲ. ವರ್ತಕರ ಮಾತೂ ತಿಳಿಯಲಿಲ್ಲ. ಅಲ್ಲಿ ನಡೆಯುತ್ತಿದ್ದುದು ಬಹುತೇಕ ಇಂಗ್ಲಿಷಿನ ವ್ಯವಹಾರ. ವರ್ಷಗಟ್ಟಲೆ ಪಟ್ಟ ಶ್ರಮ ವ್ಯರ್ಥವಾಯಿತೆಂದು ಅವನು ಬಹಳವಾಗಿ ನೊಂದನು. ಆದರೆ ಎದೆಗುಂದಲಿಲ್ಲ. ಮರುದಿನವೇ ಇಂಗ್ಲಿಷ್ ಕಲಿಯಲು ನಿಶ್ಚಯಿಸಿ, ಡಚ್-ಇಂಗ್ಲಿಷ್ ನಿಘಂಟಿನ ನೆರವಿನಿಂದ ಅಭ್ಯಾಸವನ್ನು ಹೊಸದಾಗಿ ಆರಂಭಿಸಿದನು.

1860ರಲ್ಲಿ ಅವನು ಕಾನ್ರಿನ್ ಮಾರು ಎಂಬ ಹಡಗಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ತಲುಪಿ, ಅಲ್ಲಿಂದ ವೆಬ್‌ಸ್ಟರ್ ನಿಘಂಟನ್ನು ಕೊಂಡುತಂದನು. ಅದೇ ವರ್ಷ ಇಂಗ್ಲಿಷ್-ಚೀನೀ ಪದಕೋಶವೊಂದಕ್ಕೆ ಜಪಾನೀ ಉಚ್ಚಾರಣೆಯನ್ನೂ ಅರ್ಥವನ್ನೂ ಸೇರಿಸಿ ಪ್ರಕಟಿಸಿದನು. ಇಂಗ್ಲಿಷಿನ ‘ವಿ’ ಅಕ್ಷರದ ಧ್ವನಿ ಜಪಾನೀ ಭಾಷೆಯಲ್ಲಿರಲಿಲ್ಲ. ಅದಕ್ಕಾಗಿ ಅವನು ಇದ್ದ ಅಕ್ಷರಗಳಿಗೇ ಎರಡು ಕಿರುಗೀಟುಗಳನ್ನು ಸೇರಿಸಿದನು.

ಅರ್ಥ ಹೇಳುವುದು ಧ್ವನಿಗಿಂತಲೂ ಕಷ್ಟವಾಗಿತ್ತು. ಅರ್ಥಶಾಸ್ತ್ರ ಗ್ರಂಥವೊಂದರಲ್ಲಿ ಬಂದ ‘ಕಾಂಪಿಟಿಷನ್’ ಎಂಬ ಶಬ್ದಕ್ಕೆ ಅವನು ‘ಕ್ಯೋಸೋ’ ಎಂಬ ಪದವನ್ನು ರಚಿಸಿದನು. ಅದರ ಎರಡನೆಯ ಅಕ್ಷರಕ್ಕೆ ಕಲಹವೆಂಬ ಅರ್ಥವಿದ್ದುದರಿಂದ ಸರ್ಕಾರದ ಹಿರಿಯ ಅಧಿಕಾರಿಯೊಬ್ಬನು ಆಕ್ಷೇಪಿಸಿದನು. ವ್ಯಾಪಾರಿಗಳ ನಡುವಿನ ಸ್ಪರ್ಧೆಯು ಜಗಳವಲ್ಲವೆಂದು ಫುಕುಜಾವಾ ವಿವರಿಸಿದನು. ಆದರೂ ಅಧಿಕಾರಿಗೆ ಸಮಾಧಾನವಾಗದಿರಲು, ಅವನು ಆ ಪದವನ್ನು ಮಸಿಯಿಂದ ಅಳಿಸಿ ಅನುವಾದವನ್ನು ಒಪ್ಪಿಸಿದನು. ಇಂದು ಜಪಾನಿನಲ್ಲಿ ಸ್ಪರ್ಧೆಗೆ ಬಳಕೆಯಲ್ಲಿರುವುದು ಅದೇ ಪದ.

‘ಸ್ಪೀಚ್’ ಎಂಬುದಕ್ಕೆ ‘ಎನ್‌ಜೆತ್ಸು’ ಎಂಬ ಪದವನ್ನು ರೂಢಿಗೆ ತಂದ ಫುಕುಜಾವಾ, ಪದವಿತ್ತಷ್ಟಕ್ಕೆ ತೃಪ್ತನಾಗದೆ, 1875ರಲ್ಲಿ ಟೋಕಿಯೋದ ತನ್ನ ಕೇಯೋ ವಿದ್ಯಾಶಾಲೆಯಲ್ಲಿ ಭಾಷಣ ಮಂದಿರವನ್ನೂ ಕಟ್ಟಿಸಿದನು. ಆ ವಿದ್ಯಾಶಾಲೆ ಮುಂದೆ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

ಫುಕುಜಾವಾ 1901ರಲ್ಲಿ ನಿಧನನಾದನು. ಕಲಿತದ್ದು ಸಾಲದೆಂದು ಅರಿತಾಗ ಹೊಸದಾಗಿ ಕಲಿಯಲು ಹಿಂಜರಿಯದ ಧೈರ್ಯವೂ, ಕಲಿತುದನ್ನು ತಾಯ್ನುಡಿಯಲ್ಲಿ ಎಲ್ಲರಿಗೂ ಹಂಚುವ ಹಂಬಲವೂ ಅವನ ಬಾಳಿನ ಹಿರಿಮೆ.