ರೈಲ್ವೆ ಹಳಿ ಪಕ್ಕದ ಕಳೆ ಗಿಡ ತೋರಿಸಿ ಪಾಠ ಹೇಳಿದ ಬರ್ಲಿನ್ ಮೇಷ್ಟ್ರು

ಹೂವಿನ ಫೋಟೊ ತೆಗೆಯೋರು ಈಗ ಮನೆಗೊಬ್ಬರಾದರೂ ಇದ್ದಾರೆ. ಅಂಗಳದಲ್ಲಿ ದಾಸವಾಳ ಅರಳಿದ್ರೆ ಕಾಫಿ ಕುಡಿಯೋದ್ರೊಳಗೆ ಅದು ವಾಟ್ಸ್ಯಾಪ್ ಸ್ಟೇಟಸ್ಸಿಗೆ ಬಂದಿರುತ್ತೆ. ನೂರು ವರ್ಷಕ್ಕೂ ಹಿಂದೆ ಜರ್ಮನಿಯ ಬರ್ಲಿನ್ ನಗರದಲ್ಲಿ ಒಬ್ಬ ಮೇಷ್ಟ್ರು ಗಿಡ, ಮೊಗ್ಗು, ಹೂವಿನ ಫೋಟೊಗಳನ್ನು ಪಾಠಕ್ಕೋಸ್ಕರ ತೆಗೆಯಲು ಶುರು ಮಾಡಿದರು. ಮೂವತ್ತು ವರ್ಷ ಬಿಡದೆ ತೆಗೆದರು. ಅವರ ಹೆಸರು ಕಾರ್ಲ್ ಬ್ಲಾಸ್‌ಫೆಲ್ಟ್. ಫೋಟೊಗ್ರಫಿಯ ಚರಿತ್ರೆ ಬರೆಯೋರು ಇವತ್ತು ಅವರ ಹೆಸರು ಬಿಟ್ಟು ಮುಂದೆ ಹೋಗಲ್ಲ. ಆದರೆ ವಯಸ್ಸು 60 ದಾಟುವ ತನಕ ಅವರನ್ನು ಹೊರಗಿನ ಜಗತ್ತು ಗುರುತಿಸಿರಲಿಲ್ಲ. ಶಾಲೆ, ಪಾಠ, ಗಿಡ, ಕ್ಯಾಮೆರಾ, ಇಷ್ಟರಲ್ಲೇ ಅವರ ದಿನ ಕಳೆದಿದ್ದವು.

ಎರಕದ ಕಾರ್ಖಾನೆಯ ಹುಡುಗ

ಬ್ಲಾಸ್‌ಫೆಲ್ಟ್ ಹುಟ್ಟಿದ್ದು 1865ರ ಜೂನ್ 13ರಂದು, ಜರ್ಮನಿಯ ಹಾರ್ಟ್ಸ್ ಬೆಟ್ಟಸೀಮೆಯ ಶೀಲೊ ಎಂಬ ಸಣ್ಣ ಹಳ್ಳಿಯಲ್ಲಿ. ಮೀಸೆ ಚಿಗುರುವ ವಯಸ್ಸಿನಲ್ಲೇ ಹತ್ತಿರದ ಮೇಗ್ಡೆಸ್‌ಪ್ರುಂಗ್ ಎಂಬ ಊರಿನ ಕಬ್ಬಿಣದ ಎರಕದ ಕಾರ್ಖಾನೆಗೆ ಕೆಲಸ ಕಲಿಯೋಕೆ ಸೇರಿದರು. ಅದು ಅಲಂಕಾರದ ಎರಕಕ್ಕೆ ಹೆಸರಾದ ಕಾರ್ಖಾನೆ. ಆ ಕಾಲದ ಗೇಟು, ಕಟಕಟೆಗಳ ಮೇಲೆಲ್ಲ ಎಲೆ, ಬಳ್ಳಿ, ಹೂವಿನ ವಿನ್ಯಾಸ ಇರಲೇಬೇಕಿತ್ತು.

ಎರಕದ ಕೆಲಸ ಕಂಡವರಿಗೆ ಇದು ಗೊತ್ತು: ಮೊದಲು ಮಾದರಿ ಮಾಡಬೇಕು, ಅದನ್ನು ಮರಳಿನಲ್ಲಿ ಒತ್ತಿ ಅಚ್ಚು ತೆಗೆಯಬೇಕು, ಆಮೇಲೆ ಕರಗಿದ ಲೋಹ ಹೊಯ್ಯಬೇಕು. ಮಾದರಿಯಲ್ಲಿ ಎಲೆಯ ಬಾಗು ತಪ್ಪಿದರೆ ಅದರಿಂದ ಇಳಿಯುವ ಪ್ರತಿಯೊಂದು ತುಂಡಿನಲ್ಲೂ ಅದೇ ತಪ್ಪು. ಗಿಡವನ್ನು ಸರಿಯಾಗಿ ನೋಡದೆ ಕೈ ಹಾಕುವ ಹಾಗಿಲ್ಲ. ಬ್ಲಾಸ್‌ಫೆಲ್ಟ್ ಮುಂದೆ ಜೀವಮಾನವಿಡೀ ಹೇಳಿಕೊಟ್ಟಿದ್ದೂ ಇದನ್ನೇ.

1884ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಅವರು ಬರ್ಲಿನ್ನಿಗೆ ಬಂದರು. ಅಲ್ಲಿನ ಕರಕುಶಲ ಕಲೆಗಳ ಸಂಗ್ರಹಾಲಯಕ್ಕೆ ಸೇರಿದ ಶಾಲೆಯಲ್ಲಿ ಓದು ಶುರುವಾಯ್ತು.

ಸರ್ಕಾರ ಯಾಕೆ ದುಡ್ಡು ಹಾಕಿತು?

ಹಳ್ಳಿಯ ಎರಕದ ಹುಡುಗನೊಬ್ಬನಿಗೆ ರಾಜಧಾನಿಯಲ್ಲಿ ಚಿತ್ರ, ಶಿಲ್ಪ ಕಲಿಸೋಕೆ ಸರ್ಕಾರ ಖರ್ಚು ಮಾಡೋದು ಯಾಕೆ? ಉತ್ತರ ಇರೋದು ವ್ಯಾಪಾರದಲ್ಲಿ.

1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಜರ್ಮನಿಯ ಪರವಾಗಿ ಅಲ್ಲಿಗೆ ಹೋಗಿದ್ದ ಎಂಜಿನಿಯರ್ ಫ್ರಾನ್ಜ್ ರೂಲೋ, ತನ್ನ ದೇಶದ ಸಾಮಾನು ಅಗ್ಗವೂ ಹೌದು, ಕಳಪೆಯೂ ಹೌದು ಅಂತ ಊರಿಗೆ ಬರೆದು ಗದ್ದಲ ಎಬ್ಬಿಸಿದ. ಹನ್ನೊಂದು ವರ್ಷದ ನಂತರ, 1887ರಲ್ಲಿ, ಬ್ರಿಟನ್ ಒಂದು ಕಾನೂನು ತಂದಿತು. ಹೊರದೇಶದ ಮಾಲು ಬ್ರಿಟನ್ನಿನದೆಂದು ಮಾರಾಟವಾಗದ ಹಾಗೆ ಅದರ ಮೇಲೆ ದೇಶದ ಹೆಸರು ಹಾಕಬೇಕು ಅಂತ. ಇವತ್ತು ಅಂಗಡಿಯಲ್ಲಿ 'ಮೇಡ್ ಇನ್ ಜರ್ಮನಿ' ಅಂತ ಕಂಡರೆ ಗಿರಾಕಿ ಎರಡು ಕಾಸು ಜಾಸ್ತಿ ಕೊಡೋಕೂ ರೆಡಿ. ಆದರೆ ಆ ಮುದ್ರೆ ಶುರುವಾಗಿದ್ದು, ಜರ್ಮನಿಯ ಮಾಲನ್ನು ಗುರುತು ಹಿಡಿದು ದೂರ ಇಡಲಿ ಅಂತ.

ಮಾಲಿನ ಗುಣ ಏರಬೇಕಾದರೆ ಕೆಲಸಗಾರನ ಕಣ್ಣು, ಕೈ ಎರಡೂ ಪಳಗಬೇಕು. ಕರಕುಶಲ ಶಾಲೆಗಳ ಮೇಲೆ ಜರ್ಮನಿ ಗಮನ ಇಟ್ಟ ಕಾಲ ಅದು. ಬ್ಲಾಸ್‌ಫೆಲ್ಟ್ ಓದಿದ್ದು ಅಂಥ ಶಾಲೆಯಲ್ಲಿ, ಪಾಠ ಹೇಳಿದ್ದೂ ಅದೇ ಶಾಲೆಯಲ್ಲಿ.

ರೋಮ್‌ನಲ್ಲಿ ಗಿಡ ಹುಡುಕಾಟ

ಆ ಶಾಲೆಯಲ್ಲಿ ಮೊರಿಟ್ಜ್ ಮೊಯರರ್ ಎಂಬ ಹಿರಿಯ ಮೇಷ್ಟ್ರ ಪ್ರಭಾವ ದೊಡ್ಡದಿತ್ತು. ಹಳೇ ಕಟ್ಟಡ, ಕಂಬ, ಪಾತ್ರೆಗಳ ಅಲಂಕಾರವನ್ನು ವಿದ್ಯಾರ್ಥಿಗಳು ಪುಸ್ತಕ ನೋಡಿ ನಕಲು ಮಾಡ್ತಾ ಕೂರಬಾರದು, ಆ ಅಲಂಕಾರ ಹುಟ್ಟಿದ ಗಿಡವನ್ನೇ ನೋಡಿ ಕಲಿಯಬೇಕು ಅನ್ನೋದು ಅವರ ವಾದ. ಗ್ರೀಕರ ಕಂಬದ ತಲೆಯಲ್ಲಿ ಕೆತ್ತಿರುವ ಎಲೆಗಳಿಗೆ ಮೂಲ ಅಕ್ಯಾಂಥಸ್ ಅನ್ನೋ ಗಿಡ. ನಕಲಿನ ನಕಲು ಮಾಡ್ತಾ ಹೋದರೆ ಎಲೆಯ ಜೀವ ಹೋಗಿ ಬರೀ ಗೆರೆ ಉಳಿಯುತ್ತೆ.

1890ರ ದಶಕದ ಮೊದಲ ವರ್ಷಗಳಲ್ಲಿ ಮೊಯರರ್ ಜೊತೆ ಬ್ಲಾಸ್‌ಫೆಲ್ಟ್ ಇಟಲಿಯ ರೋಮ್‌ನಲ್ಲಿ ಸಹಾಯಕರಾಗಿ ಕೆಲಸ ಮಾಡಿದರು. ಇಟಲಿ, ಗ್ರೀಸ್, ಉತ್ತರ ಆಫ್ರಿಕಾಗಳಲ್ಲಿ ಗಿಡ ಸಂಗ್ರಹಿಸೋದು, ಅವುಗಳ ಮಾದರಿ ಮಾಡೋದು, ಫೋಟೊ ತೆಗೆಯೋದು ಅವರ ಕೆಲಸ. ಕ್ಯಾಮೆರಾ ಅವರ ಕೈಗೆ ಹತ್ತಿದ್ದು ಈ ಕಾಲದಲ್ಲೇ, ಅದೂ ಒಂದು ಉಪಕರಣವಾಗಿ. ಎರಕದವನಿಗೆ ಮರಳು ಹೇಗೋ ಹಾಗೆ.

ಬಾಡುವ ಗಿಡ, ಬಾಡದ ಪಾಠ

1890ರ ದಶಕದ ಕೊನೆಗೆ ಬರ್ಲಿನ್ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕಿತು. ಜೀವಂತ ಗಿಡ ನೋಡಿ ಮಾದರಿ ಮಾಡೋದು, ಇದೇ ಅವರ ವಿಷಯ. 1921ರಲ್ಲಿ ಪ್ರೊಫೆಸರ್ ಆದರು. 1930ರಲ್ಲಿ ನಿವೃತ್ತರಾಗುವ ತನಕ ಹೇಳಿದ್ದು ಇದೇ ಪಾಠ.

ಪಾಠಕ್ಕೆ ಒಂದು ತೊಡಕಿತ್ತು. ಬೆಳಿಗ್ಗೆ ಕಿತ್ತು ತಂದ ಗಿಡ ಮಧ್ಯಾಹ್ನಕ್ಕೆ ತಲೆ ಬಾಗಿಸುತ್ತೆ. ಒಣಗಿಸಿ ಕಾಗದಕ್ಕೆ ಅಂಟಿಸಿದರೆ ಚಪ್ಪಟೆಯಾಗಿ ಆಕಾರವೇ ಹೋಗುತ್ತೆ. ಬೆರಳ ತುದಿಯಷ್ಟಿರುವ ಮೊಗ್ಗನ್ನು ಇಡೀ ತರಗತಿಗೆ ತೋರಿಸೋದು ಹೇಗೆ? ಕಡ್ಡಿಯ ಗಂಟು, ಚಿಗುರಿನ ಮಡಿಕೆ, ಕಾಯಿಯ ಮೇಲಿನ ಏಣುಗಳು ಬರಿಗಣ್ಣಿಗೆ ಸರಿಯಾಗಿ ಕಾಣೋದೇ ಇಲ್ಲ.

ಈ ತೊಡಕಿಗೆ ಅವರು ಕಂಡುಕೊಂಡ ದಾರಿ ಫೋಟೊ. ಅದಕ್ಕಾಗಿ ಮರದ ಕ್ಯಾಮೆರಾವನ್ನು ತಾವೇ ಕಟ್ಟಿಕೊಂಡರು. ಅದಕ್ಕೆ ಉದ್ದನೆಯ ತಿದಿ ಇತ್ತು, ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆ. ಮಸೂರಕ್ಕೂ ಗಾಜಿನ ಫಲಕಕ್ಕೂ ನಡುವಿನ ದೂರ ಹೆಚ್ಚಿಸಿದಷ್ಟೂ ಹತ್ತಿರದ ವಸ್ತು ದೊಡ್ಡದಾಗಿ ಬೀಳುತ್ತೆ. ಗಿಡದ ಹಿಂದೆ ಬಿಳಿ ಅಥವಾ ಬೂದು ಬಣ್ಣದ ರಟ್ಟು. ಬೆಳಕು ಕಿಟಕಿಯಿಂದ ಮೆತ್ತಗೆ ಬರುವ ಹಗಲಿನದು. ಗಾಳಿಗೆ ಎಲೆ ಅಲುಗಾಡದ ಹಾಗೆ ಕಾಯಬೇಕು, ಫಲಕಕ್ಕೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬಿಡಬೇಕು. ಹೀಗೆ ತೆಗೆದು ದೊಡ್ಡದು ಮಾಡಿದ ಕೆಲವು ಚಿತ್ರಗಳಲ್ಲಿ ಗಿಡದ ಭಾಗ ಮೂವತ್ತು ಪಟ್ಟಿನಷ್ಟು ಹಿಗ್ಗಿದೆ. ಒಟ್ಟು ಸುಮಾರು 6000 ಫೋಟೊ ತೆಗೆದರು ಅನ್ನೋ ಲೆಕ್ಕ ಇದೆ. ಇಷ್ಟೂ ವರ್ಷ ವಿಧಾನ ಮಾತ್ರ ಒಂದೇ.

ಗಿಡಗಳು ಎಲ್ಲಿಂದ? ಹೂವಿನ ಅಂಗಡಿಯಿಂದ ಕೊಂಡು ತಂದವು ಕಡಿಮೆ. ರಸ್ತೆ ಬದಿ, ಪಾಳು ಜಾಗ, ರೈಲ್ವೆ ಹಳಿಯ ದಿಬ್ಬ, ಅಂದ್ರೆ ಯಾರೂ ತಿರುಗಿ ನೋಡದ ಕಡೆ ಬೆಳೆದವೇ ಹೆಚ್ಚು. ಕುಂಬಳ ಬಳ್ಳಿಯ ಸುರುಳಿ ಕುಡಿ, ಬೀಜ ಬಲಿತ ಗಸಗಸೆ ಜಾತಿಯ ಕಾಯಿ, ಸುತ್ತಿಕೊಂಡ ಜರಿಗಿಡದ ಚಿಗುರು, ನಮ್ಮ ಕರಿಜೀರಿಗೆಯ ಕುಲದ ಗಿಡವೊಂದರ ಕಾಯಿ, ಮುಳ್ಳುಗಿಡದ ಒಣ ಎಲೆ. ಪೂರ್ತಿ ಅರಳಿದ ಹೂವಿಗಿಂತ ಮೊಗ್ಗು, ಕಾಯಿ, ಕಾಂಡಗಳ ಮೇಲೇ ಅವರಿಗೆ ಹೆಚ್ಚು ಕಣ್ಣು. ಚಿತ್ರಗಳೆಲ್ಲ ಕಪ್ಪು ಬಿಳುಪು. ಬಣ್ಣ ಇಲ್ಲದ ಕಾರಣ ನೋಡುವವರ ಗಮನ ನೇರವಾಗಿ ಆಕಾರಕ್ಕೇ ಹೋಗುತ್ತೆ, ಮಣ್ಣಿನಲ್ಲಿ ಮಾದರಿ ಮಾಡೋಕೆ ಕೂತ ವಿದ್ಯಾರ್ಥಿಗೆ ಬೇಕಿದ್ದೂ ಅದೇ.

ಇಲ್ಲೊಂದು ಮಾತು ಹೇಳಲೇಬೇಕು. ಅವರು ಗಿಡವನ್ನು ಇದ್ದ ಹಾಗೇ ಬಿಡ್ತಿರಲಿಲ್ಲ. ಅಡ್ಡ ಬರುವ ಎಲೆ ಕತ್ತರಿಸ್ತಿದ್ರು, ಕಡ್ಡಿಯನ್ನು ನೆಟ್ಟಗೆ ನಿಲ್ಲಿಸ್ತಿದ್ರು, ಫಲಕದ ಮೇಲೂ ತಿದ್ದುತ್ತಿದ್ರು. ಹಾಗಾಗಿ ಅವರ ಚಿತ್ರ ಕಾಡಿನ ಗಿಡದ ವರದಿ ಅಂತ ತಿಳಿಯಬಾರದು. ಮೇಷ್ಟ್ರು ಬೋರ್ಡಿನ ಮೇಲೆ ಬೇಡದ್ದನ್ನು ಒರೆಸಿ, ಬೇಕಾದ ಗೆರೆಯನ್ನು ದಪ್ಪ ಮಾಡಿ ತೋರಿಸ್ತಾರಲ್ಲ, ಇದೂ ಅದೇ ರೀತಿ.

ಪಾಠಕ್ಕೆ ಬೇಡಿಕೆ ಇಳಿಯಿತು, ಫೋಟೊಗೆ ಏರಿತು

ಮೊದಲ ಮಹಾಯುದ್ಧ ಮುಗಿಯುವಷ್ಟರಲ್ಲಿ ಜರ್ಮನಿಯ ಅಭಿರುಚಿಯೇ ಬದಲಾಗಿತ್ತು. 1919ರಲ್ಲಿ ವೈಮರ್ ಊರಿನಲ್ಲಿ ಬೌಹೌಸ್ ಶಾಲೆ ಶುರುವಾಯ್ತು. ಕೆಲವೇ ವರ್ಷಗಳಲ್ಲಿ ಅದು ಯಂತ್ರಕ್ಕೆ ಒಗ್ಗುವ, ಅಲಂಕಾರವಿಲ್ಲದ ಸರಳ ವಿನ್ಯಾಸಕ್ಕೆ ಹೆಸರಾಯ್ತು. ಕುರ್ಚಿ, ದೀಪ, ಗೇಟು ಯಾವುದಕ್ಕೂ ಎಲೆ ಬಳ್ಳಿ ಬೇಡ ಅನ್ನೋರು ಹೆಚ್ಚಾದರು. ಬ್ಲಾಸ್‌ಫೆಲ್ಟ್ ಯಾವ ಕೆಲಸಕ್ಕೆ ಮಕ್ಕಳನ್ನು ತಯಾರು ಮಾಡ್ತಿದ್ದರೋ ಆ ಕೆಲಸದ ಮಾರುಕಟ್ಟೆಯೇ ಸಣ್ಣದಾಗ್ತಾ ಬಂತು. ಕಲಿಸಿದ ವಿಷಯ ಹಳತಾಗೋದನ್ನು ಕಣ್ಣಾರೆ ಕಾಣೋದು ಯಾವ ಮೇಷ್ಟ್ರಿಗೂ ಸುಲಭದ ಮಾತಲ್ಲ.

ಅದೇ ಹೊತ್ತಿಗೆ ಕಾರ್ಲ್ ನೀರೆನ್‌ಡಾರ್ಫ್ ಎಂಬ ಕಲಾ ವ್ಯಾಪಾರಿಯ ಕಣ್ಣಿಗೆ ಈ ಫೋಟೊಗಳು ಬಿದ್ದವು. 1926ರಲ್ಲಿ ಅವರು ಬರ್ಲಿನ್ನಿನ ತಮ್ಮ ಗ್ಯಾಲರಿಯಲ್ಲಿ ಅವನ್ನು ಪ್ರದರ್ಶನಕ್ಕಿಟ್ಟರು. 1928ರಲ್ಲಿ 120 ಚಿತ್ರಗಳ ಪುಸ್ತಕ ಬಂತು. ಜರ್ಮನ್ ಹೆಸರಿನ ಅರ್ಥ 'ಕಲೆಯ ಮೂಲರೂಪಗಳು'. ಪುಸ್ತಕ ಬಿಸಿ ದೋಸೆ ಥರ ಖರ್ಚಾಯ್ತು, ಮರುವರ್ಷವೇ ಇಂಗ್ಲಿಷ್‌ನಲ್ಲೂ ಬಂತು. ಚಿಂತಕ ವಾಲ್ಟರ್ ಬೆಂಜಮಿನ್ ಅದರ ಬಗ್ಗೆ ಮೆಚ್ಚಿ ಬರೆದರು. ಹತ್ತು ಪಟ್ಟು ಹಿಗ್ಗಿದ ಚಿಗುರು, ಕಡ್ಡಿಗಳಲ್ಲಿ ಅವರಿಗೆ ಹಳೇ ಕಾಲದ ಕಂಬಗಳೂ ಕೆತ್ತನೆಗಳೂ ಕಂಡವು. 1929ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ನಡೆದ ಹೊಸ ಕಾಲದ ಫೋಟೊಗ್ರಫಿಯ ದೊಡ್ಡ ಪ್ರದರ್ಶನದಲ್ಲೂ ಅವರ ಚಿತ್ರಗಳಿದ್ದವು.

ಅಲಂಕಾರ ಬೇಡ ಅಂದ ತಲೆಮಾರಿನವರೇ, ಅಲಂಕಾರ ಕಲಿಸೋಕೆ ಅಂತ ತೆಗೆದ ಫೋಟೊಗಳನ್ನು ತಲೆ ಮೇಲೆ ಹೊತ್ತರು. ಅವರಿಗೆ ಇಷ್ಟವಾಗಿದ್ದು ಅದರ ನೇರ ನೋಟ: ಮಂಜು ಇಲ್ಲ, ಮಸುಕು ಇಲ್ಲ, ಕವಿತೆ ಹಾಡುವ ಸಂಜೆ ಬೆಳಕಿಲ್ಲ. ಮೇಷ್ಟ್ರು ಹೇಳಲು ಹೊರಟ ಪಾಠ ಒಂದು, ಜಗತ್ತು ಕಲಿತ ಪಾಠ ಇನ್ನೊಂದು. ಆದರೆ ಎರಡಕ್ಕೂ ಬೇರು ಒಂದೇ, ಎದುರಿಗಿರೋದನ್ನು ಸಾವಧಾನವಾಗಿ ನೋಡೋದು.

ಕೊನೆಯ ದಿನಗಳು

1932ರಲ್ಲಿ ಎರಡನೇ ಪುಸ್ತಕ ಹೊರಬಂತು. ಅದರ ಹೆಸರನ್ನು ಕನ್ನಡದಲ್ಲಿ 'ನಿಸರ್ಗದ ಅಚ್ಚರಿಯ ತೋಟ' ಅನ್ನಬಹುದು. ಅದೇ ವರ್ಷ ಡಿಸೆಂಬರ್ 9ರಂದು ಬ್ಲಾಸ್‌ಫೆಲ್ಟ್ ಬರ್ಲಿನ್ನಿನಲ್ಲಿ ತೀರಿಕೊಂಡರು. ವಯಸ್ಸು 67. ಹೆಸರು ಬಂದ ಮೇಲೆ ಅವರು ಬದುಕಿದ್ದು ಆರೇ ವರ್ಷ. ಹೆಸರಿಲ್ಲದೆ ಪಾಠ ಹೇಳಿದ್ದು ಅದಕ್ಕಿಂತ ನಾಲ್ಕು ಪಟ್ಟು ಹೆಚ್ಚು ಕಾಲ.

ಅವರು ಕಲಿಸಿದ ಶಾಲೆ ಹಲವು ಬದಲಾವಣೆ ಕಂಡು ಇವತ್ತು ಬರ್ಲಿನ್ನಿನ ಕಲಾ ವಿಶ್ವವಿದ್ಯಾಲಯದೊಳಗೆ ಸೇರಿಹೋಗಿದೆ. ಬ್ಲಾಸ್‌ಫೆಲ್ಟ್ ಬಿಟ್ಟುಹೋದ ವಸ್ತುಗಳಲ್ಲಿ ಕೆಲವು ರಟ್ಟಿನ ಹಾಳೆಗಳೂ ಇವೆ. ಪುಸ್ತಕದಲ್ಲಿ ಅಚ್ಚಾದ ದೊಡ್ಡ ಚಿತ್ರಗಳ ಅಂದ ಇವಕ್ಕಿಲ್ಲ. ಸಣ್ಣ ಸಣ್ಣ ಫೋಟೊಗಳನ್ನು ಕತ್ತರಿಸಿ, ಒಂದರ ಪಕ್ಕ ಒಂದು ಅಂಟಿಸಿದ್ದಾರೆ. ಇದಕ್ಕೂ ಅದಕ್ಕೂ ಏನು ಹೋಲಿಕೆ, ಎಲ್ಲಿ ವ್ಯತ್ಯಾಸ ಅಂತ ಒಂದೇ ನೋಟಕ್ಕೆ ತಿಳಿಯುವ ಹಾಗೆ. ನಾಳೆಯ ಪಾಠಕ್ಕೆ ರಾತ್ರಿ ಕೂತು ತಯಾರಿ ಮಾಡಿಕೊಳ್ಳುವ ಯಾವ ಮೇಷ್ಟ್ರ ಮೇಜಿನ ಮೇಲಾದರೂ ಇಂಥ ಹಾಳೆ ಸಿಗಬಹುದು.