ಫೆಲಿಕ್ಸ್ ಮೆಂಡೆಲ್ಸನ್: ಮರೆತ ಸಂಗೀತಕ್ಕೆ ಮರುಜೀವ

ಪಾಶ್ಚಾತ್ಯ ಸಂಗೀತದ ಇತಿಹಾಸವನ್ನು ಉನ್ನತ ತರಗತಿಗಳಲ್ಲಿ ವ್ಯಾಸಂಗಮಾಡುವವರಿಗೆ ಯೋಹಾನ್ ಸೆಬಾಸ್ಟಿಯನ್ ಬಾಖನ ಕೃತಿಗಳು ಇಂದು ತಳಹದಿಯಂತಿವೆ. ಆದರೆ 1750ರಲ್ಲಿ ಬಾಖ್ ತೀರಿಕೊಂಡ ಮೇಲೆ ಅವನ ದೊಡ್ಡ ಗಾಯನಕೃತಿಗಳು ಬಹುಮಟ್ಟಿಗೆ ಮರೆಯಾದುವು. ವಾದ್ಯಕ್ಕೆ ಬರೆದ ಕೆಲವನ್ನು ಗುರುಗಳು ಶಿಷ್ಯರ ಅಭ್ಯಾಸಕ್ಕೆ ಕೊಡುತ್ತಿದ್ದರು. ಇತರ ಅನೇಕ ಕೃತಿಗಳು ಹಸ್ತಪ್ರತಿಗಳಾಗಿ ಕೆಲವರ ಸಂಗ್ರಹಗಳಲ್ಲಿ ಉಳಿದಿದ್ದುವು. ಅವುಗಳಲ್ಲಿ ಒಂದು ಮಹಾಕೃತಿಯನ್ನು ಮತ್ತೆ ಜನರ ಕಿವಿಗೆ ಮುಟ್ಟಿಸಿದವನು ಇಪ್ಪತ್ತು ವರ್ಷದ ತರುಣ. ನಮ್ಮ ವಯಸ್ಸಿನವನೇ ಎಂಬ ಕುತೂಹಲದಿಂದ ನಾನು ಅವನ ಚರಿತ್ರೆಯನ್ನು ಓದತೊಡಗಿದೆ.

ಫೆಲಿಕ್ಸ್ ಮೆಂಡೆಲ್ಸನ್ 1809ನೆಯ ಇಸವಿ ಫೆಬ್ರವರಿ 3ರಂದು ಜರ್ಮನಿಯ ಹ್ಯಾಂಬರ್ಗಿನಲ್ಲಿ ಜನಿಸಿದನು. ತಾತ ಮೋಸೆಸ್ ಮೆಂಡೆಲ್ಸನ್ ಪ್ರಖ್ಯಾತ ಯೆಹೂದಿ ತತ್ತ್ವಜ್ಞಾನಿ. ತಂದೆ ಏಬ್ರಹಾಂ ಬ್ಯಾಂಕಿನ ಒಡೆಯ. 1811ರಲ್ಲಿ ಕುಟುಂಬವು ಬರ್ಲಿನ್ನಿಗೆ ಬಂದಿತು. 1816ರಲ್ಲಿ ಮಕ್ಕಳಿಗೆ ಕ್ರೈಸ್ತ ದೀಕ್ಷೆಯಾಯಿತು. ಅಕ್ಕ ಫಾನಿಯೂ ತಮ್ಮನಷ್ಟೇ ಪ್ರತಿಭಾವಂತೆ. ಆದರೆ ಹೆಣ್ಣಾದ್ದರಿಂದ ಸಂಗೀತವನ್ನು ವೃತ್ತಿಯಾಗಿಸಿಕೊಳ್ಳಲು ತಂದೆ ಒಪ್ಪಲಿಲ್ಲ. ಫೆಲಿಕ್ಸನು 17ನೆಯ ವಯಸ್ಸಿನಲ್ಲೇ ಷೇಕ್ಸ್‌ಪಿಯರನ ನಾಟಕವೊಂದಕ್ಕೆ ವಾದ್ಯವೃಂದದ ಪೀಠಿಕೆಯನ್ನು ರಚಿಸಿ ಹೆಸರಾದನು. ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಹೆಗೆಲನ ಸೌಂದರ್ಯಮೀಮಾಂಸೆಯ ಉಪನ್ಯಾಸಗಳನ್ನೂ ಕೇಳಿದನು.

ಈ ಬಾಲಕನಿಗೆ ಅಜ್ಜಿಯು ಒಂದು ಅಪೂರ್ವವಾದ ಉಡುಗೊರೆ ಕೊಟ್ಟಳು. ಅದು ಬಾಖನ ‘ಸಂತ ಮತ್ತಾಯನ ಪ್ಯಾಶನ್’ ಎಂಬ ಕೃತಿಯ ಕೈಬರಹದ ಪ್ರತಿ. ಯೇಸುಕ್ರಿಸ್ತನ ಯಾತನೆ ಮತ್ತು ಮರಣಗಳ ಕಥೆಯನ್ನು ಎರಡು ಗಾಯಕವೃಂದಗಳೂ ಎರಡು ವಾದ್ಯವೃಂದಗಳೂ ಕೂಡಿ ನಿರೂಪಿಸುವ, ಮೂರು ಗಂಟೆಯಷ್ಟು ದೀರ್ಘವಾದ ರಚನೆಯದು. ಬಾಖನ ಕಾಲಾನಂತರ ಅದನ್ನು ಸಾರ್ವಜನಿಕರ ಮುಂದೆ ಹಾಡಿಸಿದವರಿರಲಿಲ್ಲ. ಫೆಲಿಕ್ಸನು ಮನೆಯಲ್ಲಿ ಸಣ್ಣ ಗುಂಪೊಂದನ್ನು ಕೂಡಿಸಿ ಅದರ ಭಾಗಗಳನ್ನು ಅಭ್ಯಾಸಮಾಡಿಸಿದನು. ಅವನ ಗುರು ಜೆಲ್ಟರನು ಬರ್ಲಿನ್ನಿನ ಗಾಯನಸಂಸ್ಥೆಯಾದ ಸಿಂಗ್‌ಅಕಾಡೆಮಿಯ ಮುಖ್ಯಸ್ಥ. ಬಾಖನಲ್ಲಿ ಭಕ್ತಿಯಿದ್ದರೂ ಇಂಥ ಕೃತಿಯನ್ನು ಇಂದಿನ ಶ್ರೋತೃಗಳು ಸಹಿಸಲಾರರೆಂದೇ ಅವನ ಎಣಿಕೆ. ಫೆಲಿಕ್ಸನೂ ಗೆಳೆಯ ಗಾಯಕ ಡೆವ್ರಿಯೆಂಟನೂ ಹೋಗಿ ಕೇಳಿಕೊಂಡಾಗ ಮೊದಲು ಗದರಿದನು, ಕೊನೆಗೆ ಸಮ್ಮತಿಸಿದನು.

1829ನೆಯ ಮಾರ್ಚಿ 11ರಂದು 150ಕ್ಕೂ ಹೆಚ್ಚು ಗಾಯಕರೊಡನೆ ಫೆಲಿಕ್ಸನು ಕೃತಿಯನ್ನು ನಡೆಸಿದನು. ಹೆಗೆಲನೂ ಶ್ರೋತೃಗಳಲ್ಲಿದ್ದನು. ಸ್ಥಳವಿಲ್ಲದೆ ಹಿಂದಿರುಗಿದವರು ಹಲವರು. ಬಾಖನ ಜನ್ಮದಿನವಾದ 21ರಂದು ಮತ್ತೊಮ್ಮೆ ಹಾಡಿಸಬೇಕಾಯಿತು. ಫೆಲಿಕ್ಸನು ಅನೇಕ ಹಾಡುಗಳನ್ನು ಕೈಬಿಟ್ಟಿದ್ದನು. ಆಗ ಬಳಕೆ ತಪ್ಪಿದ್ದ ವಾದ್ಯಗಳ ಬದಲಿಗೆ ಬೇರೆಯವನ್ನು ಇಟ್ಟಿದ್ದನು. ಪಾಠಶುದ್ಧಿಯ ದೃಷ್ಟಿಯಿಂದ ಇದು ದೋಷವೇ ಸರಿ. ಆದರೆ ಹಾಡಿ ಕೇಳಿಸಿದ ಮೇಲಲ್ಲವೇ ಶುದ್ಧಪಾಠ ಬೇಕೆಂಬ ಹಸಿವು ಹುಟ್ಟುವುದು? 1850ರಲ್ಲಿ ಲೈಪ್ಸಿಗಿನಲ್ಲಿ ಸ್ಥಾಪಿತವಾದ ಬಾಖ್ ಸಂಘವು ಅವನ ಸಮಗ್ರ ಕೃತಿಗಳ ಪ್ರಕಟಣೆಯನ್ನು ಆರಂಭಿಸಿ ಸುಮಾರು ಐವತ್ತು ವರ್ಷ ದುಡಿಯಿತು.

1835ರಿಂದ ಲೈಪ್ಸಿಗಿನ ಗೆವಾಂಟ್‌ಹೌಸ್ ವಾದ್ಯವೃಂದದ ನಾಯಕನಾದ ಮೆಂಡೆಲ್ಸನ್, ಹಿಂದಿನ ಸಂಗೀತಗಾರರ ಕೃತಿಗಳನ್ನು ಕಾಲಾನುಕ್ರಮದಲ್ಲಿ ನುಡಿಸುವ ಚಾರಿತ್ರಿಕ ಕಚೇರಿಗಳನ್ನು ಏರ್ಪಡಿಸಿದನು. ಷೂಬರ್ಟನ ಮರಣಾನಂತರ ಷೂಮನ್ ಪತ್ತೆಮಾಡಿದ ಸಿಂಫನಿಯನ್ನು 1839ರಲ್ಲಿ ಮೊದಲು ನುಡಿಸಿದವನೂ ಅವನೇ. 1843ರಲ್ಲಿ ಅಲ್ಲಿ ಸಂಗೀತ ವಿದ್ಯಾಲಯವನ್ನು ಸ್ಥಾಪಿಸಿದನು. 1847ರ ಮೇ ತಿಂಗಳಲ್ಲಿ ಫಾನಿ ತೀರಿಕೊಂಡಳು. ಆ ಪೆಟ್ಟಿನಿಂದ ಅವನು ಚೇತರಿಸಿಕೊಳ್ಳಲಿಲ್ಲ. ನವೆಂಬರ್ 4ರಂದು ತನ್ನ 38ನೆಯ ವಯಸ್ಸಿನಲ್ಲಿ ಅಸುನೀಗಿದನು.

ಇತರರ ಮರೆವಿನ ವಿರುದ್ಧ ಹೋರಾಡಿದವನನ್ನೇ ಮರೆಸುವ ಯತ್ನವೂ ನಡೆಯಿತು. ಲೈಪ್ಸಿಗಿನಲ್ಲಿ 1892ರಲ್ಲಿ ನಿಲ್ಲಿಸಿದ್ದ ಅವನ ಪ್ರತಿಮೆಯನ್ನು, ಅವನು ಯೆಹೂದಿ ಕುಲದವನೆಂಬ ಕಾರಣಕ್ಕೆ, 1936ರಲ್ಲಿ ನಾಟ್ಸಿಗಳು ಕಿತ್ತುಹಾಕಿದರು. 2008ರಲ್ಲಿ ಅದರ ಪ್ರತಿಕೃತಿ ಮತ್ತೆ ನಿಂತಿತು.

ಒಮ್ಮೆ ಉಳಿಸಿದ್ದು ಎಂದೆಂದಿಗೂ ಉಳಿಯುವುದೆಂಬ ಭರವಸೆಯಿಲ್ಲ ಎಂಬುದನ್ನು ನಾನು ಈ ಚರಿತ್ರೆಯಿಂದ ಕಲಿತೆ. ಪ್ರತಿ ತಲೆಮಾರೂ ಹಳೆಯ ಪ್ರತಿಯನ್ನು ತೆರೆದು ತಾನೇ ದನಿ ಕೊಡಬೇಕು. ಗ್ರಂಥಭಂಡಾರದ ಪುಸ್ತಕವನ್ನು ನಾವು ಪರೀಕ್ಷೆಗೆಂದು ತೆರೆದು ಪರೀಕ್ಷೆಯೊಡನೆ ಮುಚ್ಚಿಬಿಡುತ್ತೇವೆ. ಓದಿದ್ದು ಇನ್ನೊಬ್ಬರ ಕಿವಿಗೆ ಮುಟ್ಟಿದಾಗಲೇ ವ್ಯಾಸಂಗ ಪೂರ್ಣವಾಗುವುದೆಂದು ಇಪ್ಪತ್ತರ ಆ ತರುಣ ಮಾಡಿ ತೋರಿಸಿದನು.